ಗಡಿ ರಸ್ತೆಯ ನಾಯಿ ಯಾರದು? ಅಕ್ಕಪಕ್ಕದ ಸ್ಥಳೀಯ ಸಂಸ್ಥೆಗಳು ಸೇರಿ ನಡೆಸುವ ಪ್ರಾಣಿ ಆಶ್ರಯ ಕೇಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆ ಇರುವುದು ಬೆಂಗಳೂರಿನ ಅಂಚಿನಲ್ಲಿ. ರಸ್ತೆಯ ಈ ಬದಿ ಪಾಲಿಕೆಗೆ ಸೇರಿದ್ದು, ಆ ಬದಿ ಪಕ್ಕದ ಸ್ಥಳೀಯ ಸಂಸ್ಥೆಗೆ. ನಾಯಿಗಳು ಮಾತ್ರ ಎರಡೂ ಬದಿಯವು. ಬೆಳಿಗ್ಗೆ ಈ ಕಡೆ ಬೇಕರಿ ಮುಂದೆ ಬನ್ ತಿಂದು, ಮಧ್ಯಾಹ್ನ ಆ ಕಡೆ ಕಟ್ಟುತ್ತಿರುವ ಮನೆಯ ಮರಳಿನ ರಾಶಿ ಮೇಲೆ ಮಲಗುತ್ತವೆ. ಪಾಲಿಕೆ, ನಗರಸಭೆ, ಪುರಸಭೆ, ಪಂಚಾಯಿತಿ ಎಲ್ಲ ಸೇರಿ ಒಂದು ಪ್ರಾಣಿ ಆಶ್ರಯ ಕೇಂದ್ರ ನಡೆಸಿದರೆ ಹೇಗೆ ಅನ್ನುವ ಮಾತು ನಮ್ಮ ಸಭೆಗಳಲ್ಲಿ ಬಂದಾಗಲೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಏಳುತ್ತವೆ. ಉತ್ತರಗಳು ಒಂದೇ ಕಡೆ ಇದ್ದರೆ ಎಲ್ಲರಿಗೂ ಅನುಕೂಲ ಅಂತ ಬರೆದಿದ್ದೇನೆ. ನಾನು ಈ ಯೋಚನೆಯ ಪರ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೇರಿ ನಡೆಸುವ ಕೇಂದ್ರ ಅಂದರೆ ಏನು?

ಎರಡು ಅಥವಾ ಹೆಚ್ಚು ಸ್ಥಳೀಯ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಒಂದೇ ಜಾಗದಲ್ಲಿ ಆಪರೇಷನ್ ಥಿಯೇಟರ್, ನಾಯಿ ಗೂಡುಗಳು, ಪಶುವೈದ್ಯರು, ನಾಯಿ ಹಿಡಿಯುವ ಗಾಡಿ ಇಟ್ಟುಕೊಳ್ಳುವುದು. ಖರ್ಚು ಹಂಚಿಕೊಳ್ಳುವುದು. ಸಂತಾನಹರಣ ಚಿಕಿತ್ಸೆ (ಮುಂದೆ ಬರೀ ಆಪರೇಷನ್ ಅಂದರೆ ಇದೇ), ರೇಬೀಸ್ ಲಸಿಕೆ, ಗಾಯಗೊಂಡ ಪ್ರಾಣಿಗಳ ಆರೈಕೆ, ರೇಬೀಸ್ ಅನುಮಾನ ಇರುವ ನಾಯಿಯನ್ನು ಬೇರೆ ಇಡುವುದು, ಇವೆಲ್ಲ ಅಲ್ಲೇ ಆಗುತ್ತವೆ.

ಈಗ ಯಾಕೆ ಈ ಮಾತು ಬಂತು?

ಎರಡು ಕಾರಣ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮೊದಲು ಊರಿಗೆಲ್ಲ ಒಂದೇ ಪಶುಪಾಲನಾ ವಿಭಾಗ ಇತ್ತು. ಎಂಟು ವಲಯ ಇದ್ದರೂ ಮನೆ ಒಂದೇ. ಈಗ ಮನೆ ಐದಾಗಿದೆ. ಒಂದು ಪಾಲಿಕೆಯ ನಾಯಿಗೆ ಇನ್ನೊಂದು ಪಾಲಿಕೆಯ ಜಾಗದಲ್ಲಿ ಆಪರೇಷನ್ ಆಗಬೇಕಾದರೆ ಬಿಲ್ ಯಾರ ಹೆಸರಿಗೆ, ಸಹಿ ಯಾರದು ಅನ್ನುವುದನ್ನು ಹೊಸದಾಗಿ ಬರೆದುಕೊಳ್ಳಬೇಕು.

ಎರಡನೆಯದು ಸುಪ್ರೀಂ ಕೋರ್ಟ್. 2025ರ ಆಗಸ್ಟ್ 11ರಂದು ದೆಹಲಿ ಮತ್ತು ಅದರ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರದಲ್ಲೇ ಇಡಿ ಅಂತ ಆದೇಶ ಬಂತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು: ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ರೇಬೀಸ್ ಇರುವ, ಅನುಮಾನ ಇರುವ, ಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಮಾತ್ರ ಬಿಡಬೇಡಿ. ಆಮೇಲೆ ನವೆಂಬರ್ 7ರ ಆದೇಶ. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡುವಂತಿಲ್ಲ, ಆಶ್ರಯ ಕೇಂದ್ರಕ್ಕೆ ಕಳಿಸಬೇಕು ಅಂತ. ಇದು ಇಡೀ ದೇಶಕ್ಕೆ. ಒಂದು ಸಣ್ಣ ಪುರಸಭೆ ಈ ನಾಯಿಗಳನ್ನು ಎಲ್ಲಿಗೆ ಕಳಿಸಬೇಕು? ಅಲ್ಲಿಂದಲೇ ಈ ಚರ್ಚೆ ಬಿಸಿಯಾಗಿದ್ದು.

ಪ್ರಾಣಿಗಳನ್ನು ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸವೇ? ರಸ್ತೆ, ಚರಂಡಿ ಮಾಡಿದರೆ ಸಾಲದಾ?

ಅವರದೇ ಕೆಲಸ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿ ಇದೆ. 15ನೇ ಬಾಬು ನೋಡಿ: ದನದ ದೊಡ್ಡಿಗಳು ಮತ್ತು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಬೀದಿನಾಯಿಗಳ ಆಪರೇಷನ್ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೇ ಹಾಕಿವೆ.

ಒಂದೊಂದು ಊರೂ ತನ್ನ ಕೇಂದ್ರ ತಾನೇ ಕಟ್ಟಿಕೊಳ್ಳಲಿ, ಏನು ಕಷ್ಟ?

ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ನಾಯಿಗೆ ಆಪರೇಷನ್ ಅಂತಿಟ್ಟುಕೊಳ್ಳಿ. ಆಪರೇಷನ್‌ಗೆ ಒಂದು ದಿನ ಮುಂಚೆ ತಂದಿಟ್ಟುಕೊಂಡು ಹೊಟ್ಟೆ ಖಾಲಿ ಇಡಬೇಕು, ಆಮೇಲೆ ಹೊಲಿಗೆ ಒಣಗಲು ನಾಲ್ಕು ದಿನ ಬೇಕು. ಅಂದರೆ ಒಂದು ನಾಯಿ ಐದು ದಿನ ಒಂದು ಗೂಡು ಹಿಡಿಯುತ್ತದೆ. ದಿನಕ್ಕೆ 10 ಅಂದರೆ 50 ಗೂಡು. ಇದರ ಮೇಲೆ ಕಾಯಿಲೆ ನಾಯಿಗಳಿಗೆ ಬೇರೆ ಕೋಣೆ, ಅಡುಗೆ ಮಾಡುವವರು, ತೊಳೆಯುವವರು, ರಾತ್ರಿ ಕಾವಲಿನವರು, ವೈದ್ಯರು, ಅವರ ಸಹಾಯಕರು.

ಊರಲ್ಲಿ 2,000 ಬೀದಿನಾಯಿ ಇದ್ದರೆ ದಿನಕ್ಕೆ 10ರಂತೆ 200 ಕೆಲಸದ ದಿನಗಳಲ್ಲಿ ಮುಗಿಯಿತು. ಮಾರನೇ ವರ್ಷ ಹೊಸದಾಗಿ ಹುಟ್ಟಿದ್ದು, ವಲಸೆ ಬಂದಿದ್ದು ಅಷ್ಟೇ ಉಳಿಯುತ್ತದೆ. ಥಿಯೇಟರ್ ಖಾಲಿ, ಸಂಬಳ ಮಾತ್ರ ಹಾಗೇ. ಆಗ ಲೆಕ್ಕಪತ್ರದ ಸಭೆಯಲ್ಲಿ ಯಾರಾದರೂ ಎದ್ದು ಇಷ್ಟು ದುಡ್ಡು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ವೈದ್ಯರ ಗುತ್ತಿಗೆ ನಿಲ್ಲುತ್ತದೆ. ಕೆಲವು ವರ್ಷದಲ್ಲಿ ನಾಯಿಗಳ ಸಂಖ್ಯೆ ಮತ್ತೆ ಏರುತ್ತದೆ. ಹೆಣ್ಣು ನಾಯಿಯ ಬಸಿರು ಬರೀ 63 ದಿನ. ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ನಾವು ಟೆಂಡರ್ ಮುಂದೂಡಿದಷ್ಟು ದಿನ ಅದು ಕಾಯುವುದಿಲ್ಲ.

ನಾಲ್ಕು ಊರು ಸೇರಿದರೆ ಇದೇ ಕೇಂದ್ರ ವರ್ಷವಿಡೀ ನಡೆಯುತ್ತದೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಾಗಾದರೆ ಎಲ್ಲ ನಾಯಿಗಳನ್ನೂ ಅಲ್ಲಿ ಹಾಕಿಬಿಡುತ್ತಾರಾ?

ಇಲ್ಲ. ಈ ಪ್ರಶ್ನೆಯನ್ನು ಆಸೆಯಿಂದ ಕೇಳುವವರೂ ಇದ್ದಾರೆ, ಭಯದಿಂದ ಕೇಳುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಒಂದೇ.

2023ರಲ್ಲಿ ಬಿಬಿಎಂಪಿ ಮಾಡಿದ ಸಮೀಕ್ಷೆಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಅಂದಾಜು 2.79 ಲಕ್ಷ. 2019ರಲ್ಲಿ ಅದು 3.10 ಲಕ್ಷ ಇತ್ತು. ಊರು ಬೆಳೆಯಿತು, ಕಸ ಬೆಳೆಯಿತು, ಆದರೂ ನಾಯಿಗಳ ಸಂಖ್ಯೆ ಇಳಿಯಿತು. ಯಾಕೆ? ಆಪರೇಷನ್ ಆದ ನಾಯಿಗಳ ಪ್ರಮಾಣ ನೂರಕ್ಕೆ 51ರಿಂದ 71ರ ಮೇಲಕ್ಕೆ ಏರಿತ್ತು. ಅಷ್ಟೂ ನಾಯಿಗಳನ್ನು ಕೂಡಿಹಾಕಲು ಜಾಗ ಎಲ್ಲಿದೆ? ಅನ್ನ ಹಾಕುವವರು ಯಾರು? ಆಶ್ರಯ ಕೇಂದ್ರ ಅಂದರೆ ಗಾಯ ಆದವು, ಕಾಯಿಲೆ ಬಿದ್ದವು, ಕಚ್ಚುವ ಸ್ವಭಾವದವು, ಕೋರ್ಟ್ ಹೇಳಿದ ಆವರಣಗಳಿಂದ ಬಂದವು ಇರುವ ಜಾಗ. ಉಳಿದವಕ್ಕೆ ಅದು ಐದು ದಿನದ ಆಸ್ಪತ್ರೆ.

ಅದೇ ಸಮೀಕ್ಷೆಯಲ್ಲಿ ಎಂಟು ವಲಯಗಳ ಪೈಕಿ ಅತಿ ಹೆಚ್ಚು ನಾಯಿ ಸಿಕ್ಕಿದ್ದು ಮಹದೇವಪುರದಲ್ಲಿ. ನಗರದ ಅಂಚು, ಹೊಸ ಕಟ್ಟಡಗಳು, ಖಾಲಿ ಸೈಟುಗಳು, ಆಚೆ ಕಡೆ ಪಂಚಾಯಿತಿಗಳು. ಸಮಸ್ಯೆ ಇರುವುದೇ ಗಡಿಯಲ್ಲಿ. ಗಡಿಯ ಈಚೆ ಮಾತ್ರ ಆಪರೇಷನ್ ಮಾಡಿದರೆ ಆಚೆಯ ಮರಿಗಳು ಬೆಳೆದು ಈಚೆ ಬರುತ್ತವೆ, ಅಲ್ವಾ?

ಆಪರೇಷನ್ ಆದಮೇಲೆ ನಮ್ಮ ನಾಯಿಯನ್ನು ಬೇರೆ ಊರಲ್ಲಿ ಬಿಟ್ಟುಬಿಟ್ಟರೆ?

ನನಗೆ ಅತಿ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ. ಹಲವು ಊರಿನ ನಾಯಿಗಳು ಒಂದೇ ಕಡೆ ಬಂದಾಗ ಅದಲುಬದಲು ಆಗುವುದು ಸುಲಭ. ನಾಯಿಗೆ ತನ್ನ ಬೀದಿ ಅಂದರೆ ಜೀವ. ಬೇರೆ ಬೀದಿಗೆ ಬಿಟ್ಟರೆ ಅಲ್ಲಿನ ಗುಂಪು ಹರಿದುಹಾಕುತ್ತದೆ. ಇಲ್ಲವೇ ಅದು ಮನೆ ಹುಡುಕುತ್ತಾ ಹೆದ್ದಾರಿಗೆ ಬೀಳುತ್ತದೆ. ಹೆದರಿದ ನಾಯಿ ಕಚ್ಚುವುದೂ ಜಾಸ್ತಿ.

ಇದಕ್ಕೆ ಪರಿಹಾರ ದೊಡ್ಡ ತಂತ್ರಜ್ಞಾನವಲ್ಲ, ಒಂದು ಸರಿಯಾದ ರಿಜಿಸ್ಟರ್. ಒಂದು ಆಸ್ಪತ್ರೆಯಲ್ಲಿ ನಾನು ನೋಡಿದ ರಿಜಿಸ್ಟರ್‌ನಲ್ಲಿ ಹೀಗಿತ್ತು: ಹಿಡಿದ ದಿನ, ಹೊತ್ತು, ಬೀದಿ, ಪಕ್ಕದ ಗುರುತು, ನಾಯಿಯ ಬಣ್ಣ, ಗಂಡೋ ಹೆಣ್ಣೋ, ಕುತ್ತಿಗೆ ಪಟ್ಟಿಯ ನಂಬರ್. ಗುರುತು ಅನ್ನುವ ಜಾಗದಲ್ಲಿ ಒಬ್ಬರು ದುಂಡಗಿನ ಅಕ್ಷರದಲ್ಲಿ ‘ಮುನೇಶ್ವರನ ಗುಡಿ ಹಿಂದೆ, ನೀಲಿ ಗೇಟು, ಪಂಕ್ಚರ್ ಅಂಗಡಿ ಎದುರು’ ಅಂತ ಬರೆದಿದ್ದರು. ಆ ನಾಯಿ ತಪ್ಪದೆ ಮನೆಗೆ ಹೋಗುತ್ತದೆ. ಬರೀ ವಾರ್ಡ್ ಹೆಸರು ಬರೆದಿದ್ದ ನಾಯಿಯ ಗತಿ ನನಗೆ ಹೇಳಲಾಗದು. ಹಿಡಿಯುವಾಗ ಒಂದು, ಬಿಡುವಾಗ ಒಂದು ಫೋಟೊ, ಜಾಗದ ಸಮೇತ, ಇರಲೇಬೇಕು ಅಂತ ಒಪ್ಪಂದದಲ್ಲೇ ಬರೆಸಬೇಕು. ಹಿಡಿದ ಗಾಡಿಯ ಹುಡುಗರೇ ವಾಪಸ್ ಬಿಡಲಿ. ಅವರಿಗೆ ಆ ಬೀದಿ ನೆನಪಿರುತ್ತದೆ.

ಖರ್ಚು ಹೇಗೆ ಹಂಚುತ್ತಾರೆ?

ಮೂರು ದಾರಿ ಇವೆ. ಜನಸಂಖ್ಯೆ ನೋಡಿ ಹಂಚಬಹುದು. ಕಳಿಸಿದ ನಾಯಿಗಳ ಲೆಕ್ಕದಲ್ಲಿ ಹಂಚಬಹುದು. ಎರಡನ್ನೂ ಸೇರಿಸಬಹುದು.

ಬರೀ ನಾಯಿ ಲೆಕ್ಕ ಅಂದರೆ ನ್ಯಾಯ ಅನ್ನಿಸುತ್ತದೆ. ಆದರೆ ಬಡ ಪಂಚಾಯಿತಿ ದುಡ್ಡು ಉಳಿಸಲು ನಾಯಿ ಕಳಿಸುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಮರಿಗಳು ಹುಟ್ಟುತ್ತವೆ, ಎಲ್ಲರಿಗೂ ನಷ್ಟ. ಬರೀ ಜನಸಂಖ್ಯೆ ಲೆಕ್ಕ ಅಂದರೆ ಪಾಲಿಕೆ ಕಡೆಯವರು ನಮ್ಮ ದುಡ್ಡಲ್ಲಿ ಅವರ ನಾಯಿ ಅಂತ ಗೊಣಗುತ್ತಾರೆ. ಕಟ್ಟಡ, ಸಂಬಳ, ಕರೆಂಟು, ನೀರು ಇವನ್ನು ಜನಸಂಖ್ಯೆ ಮತ್ತು ಆದಾಯ ನೋಡಿ ಹಂಚಲಿ, ಔಷಧಿ, ಆಹಾರ, ಲಸಿಕೆಯನ್ನು ಮಾತ್ರ ನಾಯಿ ಲೆಕ್ಕದಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಹೇಗಿದ್ದರೂ ಸಂಬಳದ ಪಾಲು ಮೂರು ತಿಂಗಳಿಗೆ ಮುಂಚೆಯೇ ಕಟ್ಟಬೇಕು. ಒಂದು ಸಂಸ್ಥೆಯ ಬಿಲ್ ತಡವಾಯಿತು ಅಂತ ಗೂಡಲ್ಲಿರುವ ನಾಯಿಗೆ ಅನ್ನ ನಿಲ್ಲಬಾರದು.

ಕಾನೂನಿನಲ್ಲಿ ಹೀಗೆ ಸೇರಿಕೊಳ್ಳಲು ಅವಕಾಶ ಇದೆಯಾ?

ಇದೆ, ಆದರೆ ದಾರಿ ನೇರ ಇಲ್ಲ. ಐದು ಪಾಲಿಕೆಗಳು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಕೆಳಗೆ ಬರುತ್ತವೆ. ಅವುಗಳ ನಡುವೆ ಹೊಂದಾಣಿಕೆ ಮಾಡಿಸಲು ಪ್ರಾಧಿಕಾರ ಇದೆ. ಹೊರಗಿನ ಹೆಬ್ಬಗೋಡಿ, ಹೊಸಕೋಟೆಯಂಥ ನಗರಸಭೆಗಳು, ಆನೇಕಲ್, ಅತ್ತಿಬೆಲೆಯಂಥ ಪುರಸಭೆಗಳು 1964ರ ಪೌರಸಭೆಗಳ ಕಾಯ್ದೆಯವು. ಗ್ರಾಮ ಪಂಚಾಯಿತಿಗಳು 1993ರ ಪಂಚಾಯತ್ ರಾಜ್ ಕಾಯ್ದೆಯವು. ಒಂದು ಮೇಜಿನ ಸುತ್ತ ಪಾಲಿಕೆ ಆಯುಕ್ತರು, ನಗರಸಭೆ ಪೌರಾಯುಕ್ತರು, ಪುರಸಭೆ ಮುಖ್ಯಾಧಿಕಾರಿ, ಪಂಚಾಯಿತಿ ಪಿಡಿಒ ನಾಲ್ವರೂ ಕೂರಬೇಕು. ಅವರನ್ನು ಕರೆಯಬಲ್ಲವರು ಜಿಲ್ಲಾಧಿಕಾರಿ. ಅದಕ್ಕೇ ಅರ್ಜಿ ಕೊಡುವಾಗ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಿ ಅನ್ನುತ್ತೇನೆ.

ರಸ್ತೆಯಲ್ಲಿ ನಾಯಿಗೆ ಗಾಡಿ ಹೊಡೆದರೆ ಯಾರಿಗೆ ಫೋನ್ ಮಾಡಬೇಕು?

ಪಾಲಿಕೆ ವ್ಯಾಪ್ತಿಯಲ್ಲಿ 1533. ಗಡಿಯಲ್ಲಿ ಏನಾಗುತ್ತದೆ ಅಂತ ನಾನು ಅನುಭವಿಸಿದ್ದನ್ನು ಹೇಳುತ್ತೇನೆ.

ನಮ್ಮ ರಸ್ತೆಯಲ್ಲಿ ಕೆಂಚ ಅಂತ ಒಂದು ನಾಯಿ. ಒಂದು ಸಂಜೆ ಐದು ಗಂಟೆಗೆ ಗೂಡ್ಸ್ ಆಟೊ ಹೊಡೆದುಕೊಂಡು ಹೋಯಿತು. ಹಿಂದಿನ ಎಡಗಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಕೆಂಚ ತೆವಳಿಕೊಂಡು ಚರಂಡಿಯ ಚಪ್ಪಡಿ ಮೇಲೆ ಹೋಗಿ ಮಲಗಿತು. ಒಂದು ಕಚೇರಿಗೆ ಫೋನ್ ಮಾಡಿದೆ. ಚಪ್ಪಡಿ ಯಾವ ಬದಿ ಇದೆ ಅಂತ ಕೇಳಿದರು. ಆ ಬದಿ ಅಂದೆ. ‘ಅದು ನಮಗೆ ಬರಲ್ಲ ಮೇಡಂ.’ ಇನ್ನೊಂದು ಕಚೇರಿಯವರು ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ ‘ನಮ್ಮ ಹತ್ರ ಗಾಡಿನೇ ಇಲ್ಲ ಮೇಡಂ’ ಅಂದರು. ಅವರ ಧ್ವನಿಯಲ್ಲಿ ಬೇಜಾರಿತ್ತು. ಸುಳ್ಳು ಹೇಳುತ್ತಿರಲಿಲ್ಲ.

ಕತ್ತಲಾಯಿತು. ಟೈಲರ್ ಅಂಗಡಿಯವರು ಒಂದು ಗೋಣಿಚೀಲ ಕೊಟ್ಟರು. ಕೆಂಚ ಒಂದು ಸಲವೂ ಕೂಗಲಿಲ್ಲ. ಮುಟ್ಟಿದರೆ ಮೈ ನಡುಗುತ್ತಿತ್ತು, ಅಷ್ಟೇ. ರಾತ್ರಿ ಹತ್ತಕ್ಕೆ ಒಬ್ಬ ಆಟೊ ಅಣ್ಣ ಗೋಣಿಚೀಲದ ಸಮೇತ ಎತ್ತಿ ಹಿಂದಿನ ಸೀಟಿಗೆ ಹಾಕಿಕೊಂಡರು. ಹದಿನೆಂಟು ಕಿಲೋಮೀಟರ್ ದೂರದ ಒಂದು ಪ್ರಾಣಿ ಆಸ್ಪತ್ರೆಗೆ ಹೋದೆವು. ಕಾಲು ಉಳಿಯಲಿಲ್ಲ. ಬೇಗ ಬಂದಿದ್ದರೆ ನೋಡಬಹುದಿತ್ತು ಅಂದರು ವೈದ್ಯರು. ಕೆಂಚ ಈಗ ಮೂರು ಕಾಲಲ್ಲಿ ಓಡಾಡಿಕೊಂಡು ಟೈಲರ್ ಅಂಗಡಿ ಮೆಟ್ಟಿಲ ಮೇಲೆ ಮಲಗುತ್ತದೆ.

ಸೇರಿ ನಡೆಸುವ ಕೇಂದ್ರಕ್ಕೆ ಒಂದೇ ಫೋನ್ ನಂಬರ್ ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೆ. ಫೋನ್ ಎತ್ತಿದವರು ಯಾವ ಬದಿ ಅಂತ ಕೇಳಲೇಬಾರದು. ಎಲ್ಲಿದೆ, ಬದುಕಿದೆಯಾ, ರಕ್ತ ಹೋಗುತ್ತಿದೆಯಾ ಅಂತ ಕೇಳಬೇಕು. ಖರ್ಚು ಯಾರ ಲೆಕ್ಕಕ್ಕೆ ಅನ್ನುವುದನ್ನು ಮಾರನೇ ದಿನ ಕಚೇರಿಯಲ್ಲಿ ನೋಡಿಕೊಳ್ಳಲಿ.

ಕೇಂದ್ರ ಎಲ್ಲಿ ಕಟ್ಟುತ್ತಾರೆ? ನಮ್ಮ ಮನೆ ಪಕ್ಕ ಬೇಡ.

ಬೇಡ ಅನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ನೂರು ನಾಯಿ ಒಟ್ಟಿಗೆ ಬೊಗಳಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಗೂಡು ತೊಳೆದ ನೀರು ಸುಮ್ನೆ ರಾಜಕಾಲುವೆಗೆ ಹೋದರೆ ಕೆರೆ ಹಾಳು. ಇವೆರಡನ್ನೂ ನಕ್ಷೆಯಲ್ಲೇ ಸರಿ ಮಾಡಬಹುದು: ಮನೆಗಳ ಕಡೆ ಗೋಡೆ, ಗೂಡುಗಳ ಬಾಗಿಲು ಒಳಮುಖ, ಕೊಳಚೆ ನೀರಿಗೆ ಬೇರೆ ಗುಂಡಿ.

ಆದರೆ ಊರಾಚೆ ಎಲ್ಲೋ ದೂರ ಒಂದೇ ದೊಡ್ಡ ಕೇಂದ್ರ ಅನ್ನುವುದಕ್ಕೆ ನನ್ನ ವಿರೋಧ ಇದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಗಾಡಿಯೊಳಗಿನ ನಾಯಿಗೆ ಬಿಸಿಲು ಬಡಿದಿರುತ್ತದೆ. ಒಂದೇ ಟ್ರಿಪ್‌ಗೆ ದಿನ ಮುಗಿಯುತ್ತದೆ. ದೂರ ಇದ್ದರೆ ಹೋಗಿ ನೋಡುವವರೂ ಇರುವುದಿಲ್ಲ, ಯಾರೂ ನೋಡದ ಕಡೆ ಆರೈಕೆ ಸಡಿಲವಾಗುತ್ತದೆ. ಮೂರು ನಾಲ್ಕು ಸ್ಥಳೀಯ ಸಂಸ್ಥೆಗೆ ಒಂದರಂತೆ, ಮುಕ್ಕಾಲು ಗಂಟೆಯೊಳಗೆ ತಲುಪುವ ಸಣ್ಣ ಕೇಂದ್ರಗಳೇ ಸರಿ.

ಹಲವು ಊರಿನ ನಾಯಿ ಒಂದೇ ಕಡೆ ಸೇರಿದರೆ ಕಾಯಿಲೆ ಹರಡುವುದಿಲ್ಲವಾ?

ಹರಡುತ್ತದೆ, ಎಚ್ಚರ ತಪ್ಪಿದರೆ. ಪಾರ್ವೋ ಮತ್ತು ಡಿಸ್ಟೆಂಪರ್ ಅನ್ನುವ ನಾಯಿಗಳ ವೈರಸ್ ಕಾಯಿಲೆಗಳು ಒಂದು ಗೂಡಿನಿಂದ ಇನ್ನೊಂದಕ್ಕೆ ತೊಳೆಯುವ ಪೊರಕೆಯಲ್ಲೇ ಹೋಗಬಹುದು. ಪಾರ್ವೋ ಬಂದ ಮರಿಗಳು ಕೆಲವೇ ದಿನದಲ್ಲಿ ಸಾಯಬಹುದು. ಮರಿಗಳನ್ನೂ ದೊಡ್ಡ ನಾಯಿಗಳನ್ನೂ ಬೇರೆ ಬೇರೆ ಇಡಬೇಕು. ಕಾಯಿಲೆ ಕೋಣೆಗೆ ಬೇರೆ ಬಕೆಟ್, ಬೇರೆ ಪೊರಕೆ, ಬೇರೆ ಚಪ್ಪಲಿ ಬೇಕು. ಕೇಂದ್ರ ನೋಡಲು ಹೋದರೆ ಮೊದಲು ಪೊರಕೆಗಳನ್ನು ಎಣಿಸಿ. ಒಂದೇ ಇದ್ದರೆ ಅಲ್ಲೇ ಕೇಳಿ.

ರೇಬೀಸ್ ಅನುಮಾನ ಇರುವ ನಾಯಿಯನ್ನು ಏನು ಮಾಡುತ್ತಾರೆ?

ಬೇರೆ ಕೋಣೆಯಲ್ಲಿ ಒಂಟಿಯಾಗಿ ಇಟ್ಟು ನೋಡುತ್ತಾರೆ. ರೇಬೀಸ್ ಇದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಸತ್ತಮೇಲೆ ಮಿದುಳಿನ ಮಾದರಿಯನ್ನು ಪರೀಕ್ಷೆಗೆ ಕಳಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪರೀಕ್ಷೆಯ ಪ್ರಯೋಗಾಲಯ ಇದೆ. ಇಂಥ ಸೌಲಭ್ಯ ಪಕ್ಕದಲ್ಲೇ ಇರುವುದು ನಮ್ಮ ಪುಣ್ಯ. ಸೇರಿ ನಡೆಸುವ ಕೇಂದ್ರದ ದೊಡ್ಡ ಲಾಭ ಇಲ್ಲಿದೆ: ಒಂದು ಕಡೆ ರೇಬೀಸ್ ಖಚಿತವಾದರೆ ಅದೇ ದಿನ ಎಲ್ಲ ಊರುಗಳಿಗೂ ಸುದ್ದಿ ಹೋಗುತ್ತದೆ, ಸುತ್ತಲಿನ ನಾಯಿಗಳಿಗೆ ಲಸಿಕೆ ಹಾಕಬಹುದು.

ಕಚ್ಚಿಸಿಕೊಂಡವರು ಯಾವ ಸಭೆಗೂ ಕಾಯಬೇಡಿ. ಗಾಯವನ್ನು ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮ ತೂತಾಗಿ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ (ಗಾಯದ ಜಾಗಕ್ಕೇ ಚುಚ್ಚುವ, ಕೂಡಲೇ ರಕ್ಷಣೆ ಕೊಡುವ ಮದ್ದು) ಕೂಡ ಬೇಕು, ನೀವೇ ಬಾಯಿಬಿಟ್ಟು ಕೇಳಿ. ಡಾಕ್ಟರ್ ಬರೆದುಕೊಟ್ಟ ಒಂದು ಡೋಸನ್ನೂ ತಪ್ಪಿಸಬೇಡಿ. ಲಕ್ಷಣ ಶುರುವಾದಮೇಲೆ ಈ ಕಾಯಿಲೆಗೆ ಮದ್ದಿಲ್ಲ.

ಬೀದಿ ದನಗಳು, ಬೆಕ್ಕು, ಕೋತಿ, ಹಾವು?

ದನಗಳಿಗೆ ಬೇರೆ ಜಾಗ ಬೇಕು, ನಾಯಿಗಳ ಪಕ್ಕ ಕಟ್ಟಬಾರದು. ಹಿಂದೆ ಊರೂರಲ್ಲೂ ದೊಡ್ಡಿ ಇತ್ತು, ಬೆಳೆ ಮೇಯ್ದ ದನವನ್ನು ಅಲ್ಲಿ ಕೂಡಿ ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದರು. ಆ ಪದ್ಧತಿಯನ್ನು ಗೋಶಾಲೆಗಳ ಜೊತೆ ಸೇರಿಸಿ ಮಾಡಬಹುದು. ಬೆಕ್ಕುಗಳಿಗೆ ಅದೇ ಕೇಂದ್ರದಲ್ಲಿ ಬೇರೆ ಕೋಣೆ ಸಾಕು. ಕೋತಿ, ಹಾವು ಅರಣ್ಯ ಇಲಾಖೆಗೆ.

ಬೀದಿನಾಯಿಗಳಿಗೆ ಊಟ ಹಾಕುವುದನ್ನು ನಿಲ್ಲಿಸಬೇಕಾ?

ಬೇಡ. 2025ರ ಆಗಸ್ಟ್ 22ರ ಆದೇಶ ವಾರ್ಡ್‌ಗಳಲ್ಲಿ ಊಟ ಹಾಕಲು ಜಾಗ ಗುರುತಿಸಿ ಅಂದಿದೆ, ಕಂಡ ಕಂಡ ಕಡೆ ಹಾಕಬೇಡಿ ಅಂತಲೂ ಅಂದಿದೆ. ಶಾಲೆ ಗೇಟು, ಮಕ್ಕಳು ಆಡುವ ಜಾಗ ಬಿಟ್ಟು ಹಾಕಿ. ದಿನಾ ಊಟ ಹಾಕುವವರ ಕೈಗೆ ಮಾತ್ರ ಕೆಲವು ನಾಯಿಗಳು ಸಿಗುತ್ತವೆ. ಬಲೆ ಇಲ್ಲದೆ ಹಿಡಿಯಲು ಅವರ ಸಹಾಯ ಬೇಕೇ ಬೇಕು.

ಕೇಂದ್ರವನ್ನು ಖಾಸಗಿ ಸಂಸ್ಥೆಗೆ ಕೊಡುತ್ತಾರಾ?

ಕೊಡಬಹುದು. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು. ಕ್ಯೂಪಾದಂಥ ಸಂಸ್ಥೆಗಳು ಈ ಊರಲ್ಲಿ 1991ರಿಂದ ಪ್ರಾಣಿಗಳ ಕೆಲಸ ಮಾಡುತ್ತಿವೆ, ಅನುಭವಕ್ಕೆ ಕೊರತೆ ಇಲ್ಲ. ನನ್ನ ಆತಂಕ ಟೆಂಡರ್ ಬಗ್ಗೆ. ಒಂದು ನಾಯಿಗೆ ಇಷ್ಟು ರೂಪಾಯಿ ಅಂತ ಅತಿ ಕಡಿಮೆ ಬರೆದವರಿಗೆ ಕೊಟ್ಟರೆ, ಉಳಿತಾಯ ಆಗುವುದು ನಾಲ್ಕು ದಿನದ ಆರೈಕೆಯಲ್ಲಿ. ಹೊಲಿಗೆ ಒಣಗದ ನಾಯಿ ಎರಡೇ ದಿನಕ್ಕೆ ಬೀದಿಗೆ ಬರುತ್ತದೆ. ಬಿಲ್ ಪಾಸ್ ಮಾಡುವ ಮುಂಚೆ ತೆಗೆದ ಅಂಗಗಳನ್ನು ಎಣಿಸುವ ಪದ್ಧತಿ ಇದೆ. ಆ ಎಣಿಕೆಗೆ ಸೇರಿಕೊಂಡ ಎಲ್ಲ ಸಂಸ್ಥೆಗಳ ಪಶುವೈದ್ಯರೂ ಸಹಿ ಹಾಕಲಿ, ಜೊತೆಗೆ ಬಿಟ್ಟ ದಿನದ ಹೊಲಿಗೆಯ ಫೋಟೊ ನೋಡಲಿ.

ಒಂದು ಸಂಸ್ಥೆ ಮಧ್ಯದಲ್ಲೇ ಬಿಟ್ಟು ಹೋದರೆ?

ಒಂದು ವರ್ಷ ಮುಂಚೆ ತಿಳಿಸಬೇಕು, ಅಲ್ಲಿಯವರೆಗೆ ಪಾಲು ಕಟ್ಟಬೇಕು, ಅವರ ಕಡೆಯಿಂದ ಬಂದು ಅಲ್ಲೇ ಉಳಿದಿರುವ ನಾಯಿಗಳ ಸಾಕಣೆ ಖರ್ಚು ಕೊಡುತ್ತಲೇ ಇರಬೇಕು. ಇದನ್ನು ಸಹಿ ಹಾಕುವ ದಿನವೇ ಬರೆಸಿ.

ನಾವು ನಿವಾಸಿಗಳು ಈಗಲೇ ಏನು ಮಾಡಬಹುದು?

ಎಣಿಸಿ. ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಕಸದ ಗಾಡಿ ಬರುವ ಮುಂಚೆ, ರಸ್ತೆಯ ಎರಡೂ ಬದಿಯವರು ಜೊತೆಯಾಗಿ ಹೊರಡಿ. ಒಂದು ನೋಟ್‌ಬುಕ್ ಸಾಕು. ಬಣ್ಣ, ಗಂಡು ಹೆಣ್ಣು, ಮರಿ ಇದೆಯಾ, ಕಿವಿಯಲ್ಲಿ ಕತ್ತರಿ ಗುರುತು ಇದೆಯಾ. ಗುರುತು ಇದ್ದರೆ ಆಪರೇಷನ್ ಆಗಿದೆ ಅಂತ ಅರ್ಥ. ಹಾಲು ಕುಡಿಸುತ್ತಿರುವ ತಾಯಿ ಇದ್ದರೆ ಬೇರೆ ಗುರುತು ಹಾಕಿಕೊಳ್ಳಿ, ಅದನ್ನು ಈಗ ಹಿಡಿದರೆ ಮರಿಗಳು ಸಾಯುತ್ತವೆ.

ನಾವು ಹಾಗೆ ಹೊರಟಾಗ ಆ ಬದಿಯ ಒಬ್ಬ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ, ‘ಇದನ್ನೂ ಬರ್ಕೊಳವ್ವ, ಮೆಟ್ಟಿಲ ಕೆಳಗೆ ಐದು ಹಾಕೈತೆ’ ಅಂತ ಬಗ್ಗಿ ತೋರಿಸಿದರು. ಹಳೇ ಸೀರೆಯ ಮೇಲೆ ಕಣ್ಣು ಬಿಡದ ಐದು ಮರಿಗಳು. ಕಿವಿ ಗುರುತು ಇಲ್ಲದ ನಾಯಿಗಳಲ್ಲಿ ಹೆಚ್ಚಿನವು ಆ ಬದಿಯಲ್ಲೇ ಮಲಗುವವು ಅಂತ ನಮಗೆ ಅವತ್ತೇ ಗೊತ್ತಾಗಿದ್ದು.

ಪಟ್ಟಿಯನ್ನು ಒಂದೇ ಪತ್ರದ ಜೊತೆ ಎರಡೂ ಕಚೇರಿಗೆ ಕೊಡಿ. ಪತ್ರದಲ್ಲಿ ಇನ್ನೊಂದು ಕಚೇರಿಯ ಹೆಸರೂ ಇರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.